ಪಕ್ಕದ ಸೀಟಿನ ‘ಹೂಂ’

ಬ್ಯೂಗಲ್ ರಾಕ್ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಕೂತಾಗಲೆಲ್ಲ ಗೆಳೆಯ ತನ್ನ ಅಂಗೈಯನ್ನೇ ವಿಮಾನ ಮಾಡಿ ತೋರಿಸುತ್ತಿದ್ದ. ಹೀಗೆ ಮೂತಿ ಎತ್ತಬೇಕು, ಹೀಗೆ ತಲೆಕೆಳಗಾಗಬೇಕು, ಹೀಗೆ ಇಳಿದು ನೇರ ಆಗಬೇಕು. ಅವನಿಗೆ ಆಗಷ್ಟೇ ಪೈಲಟ್ ಲೈಸೆನ್ಸ್ ಬಂದಿತ್ತು. ನಾನಿನ್ನೂ ಗಾಂಧಿ ಬಜಾರನ್ನು ಸೈಕಲ್ಲಿನಲ್ಲೇ ಸುತ್ತುತ್ತಿದ್ದೆ.

ಒಂದು ಭಾನುವಾರ ಊರಾಚೆಯ ಪುಟ್ಟ ರನ್‌ವೇಯಿಂದ ಇಬ್ಬರೂ ಹಾರಿದೆವು. ಕೆಳಗೆ ಕೆರೆ, ತೆಂಗಿನ ತೋಟ. ಐದು ನಿಮಿಷ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಹೆಡ್‌ಸೆಟ್ಟಿನಲ್ಲಿ ಅವನ ದನಿ:

“ಲೋ, ಒಂದು ಪಲ್ಟಿ ಹೊಡೆಸ್ಲೇನೋ?”

“ಹೂಂ, ಹೊಡೆಸೋ.”

ಆ ‘ಹೂಂ’ ಈಗಲೂ ನನ್ನನ್ನು ಕಾಡುತ್ತದೆ. ನನಗೆ ಗೊತ್ತಿದ್ದದ್ದಾದರೂ ಏನು? ನಾವು ಕೂತಿದ್ದ ಸೆಸ್ನಾ 172 ಪಲ್ಟಿಗೆಂದು ಕಟ್ಟಿದ ವಿಮಾನವೇ ಅಲ್ಲ. ಅಂಥ ಮಾಮೂಲಿ ವಿಮಾನ ತನ್ನ ತೂಕದ 3.8 ಪಟ್ಟು ಭಾರ ತಾಳಬೇಕೆಂದು ಲೆಕ್ಕ; ಕಸರತ್ತಿಗೆಂದೇ ಕಟ್ಟಿದ್ದು 6 ಪಟ್ಟು. ಸಾಧಾರಣ ಲೂಪ್ ಹೊಡೆಯುವಾಗಲೇ ಮೂರರಿಂದ ನಾಲ್ಕು ಪಟ್ಟು ಭಾರ ಬೀಳಬಹುದು. 60 ಕಿಲೋದ ನಾನು ಆಗ ಸೀಟಿನ ಮೇಲೆ 240 ಕಿಲೋ. ಲೂಪ್ ಕೆಟ್ಟು ಮೂತಿ ನೆಲಕ್ಕೆ ತಿರುಗಿದರೆ ವೇಗ ಏರುತ್ತದೆ, ಗಾಬರಿಯಲ್ಲಿ ಎಳೆದರೆ ರೆಕ್ಕೆಯ ಮೇಲಿನ ಭಾರ ಇನ್ನೂ ಏರುತ್ತದೆ. ಇದೊಂದೂ ತಿಳಿಯದವನು ಕೊಡುವ ಒಪ್ಪಿಗೆ ಎಂಥ ಒಪ್ಪಿಗೆ?

ಅವನು ಮೂತಿ ಎತ್ತಿದ. ಎಂಜಿನ್ ಏದುಸಿರು ಬಿಟ್ಟಿತು. ಏನನ್ನಿಸಿತೋ, ಥಟ್ಟನೆ ಮುಂದಕ್ಕೆ ತಳ್ಳಿದ. ಹೊಟ್ಟೆ ಗಂಟಲಿಗೆ ಬಂತು. ನನ್ನ ಜೇಬಿನ ಪೆನ್ನು ಗಾಳಿಯಲ್ಲಿ ತೇಲಿ ಅವನ ಕಾಲ ಬಳಿ ಬಿತ್ತು.

“ಪೆಡಲ್ ಸಂದಿಗೆ ಹೋಯ್ತೇನೋ?”

ನಾನು ನಕ್ಕೆ. ಎರಡು ರೂಪಾಯಿ ಪೆನ್ನು ತಾನೇ! ಅವನ ಮುಖ ಬಿಳಿಚಿಕೊಂಡಿತ್ತು. ರಡರ್ ಪೆಡಲಿಗೆ ಪೆನ್ನು ಸಿಕ್ಕಿಕೊಂಡರೆ ಏನಾಗಬಹುದೆಂದು ಅವನಿಗೆ ಗೊತ್ತಿತ್ತು. ಇಳಿದ ಮೇಲೆ ಹೇಳಿದ: “ಒಬ್ನೇ ಇದ್ದಿದ್ರೆ ಮೂತಿ ಎತ್ತುತ್ಲೇ ಇರ್ಲಿಲ್ಲ ಕಣೋ.” ಅಂದರೆ ನಾನು ಅವನಿಗೆ ಪ್ರಯಾಣಿಕ ಆಗಿರಲಿಲ್ಲ, ಪ್ರೇಕ್ಷಕನಾಗಿದ್ದೆ.

ಪಕ್ಕದಲ್ಲಿ ಬಲ್ಲವರಿದ್ದರೂ ಅಷ್ಟೆ. 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ಹಾರಿಸುತ್ತಿದ್ದ ಪಿಟ್ಸ್ ಕಸರತ್ತಿಗೆಂದೇ ಕಟ್ಟಿದ ವಿಮಾನ. ಜತೆಗಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಹಾರಾಟ ಕಲಿಸುವವರು. ನೆಲ ಮಾತ್ರ ಹತ್ತಿರವಿತ್ತು. ಇಬ್ಬರೂ ಉಳಿಯಲಿಲ್ಲ.

2019ರ ಫೆಬ್ರವರಿ 19ರಂದು ಯಲಹಂಕದಲ್ಲಿ, ಏರೋ ಇಂಡಿಯಾದ ತಾಲೀಮಿನಲ್ಲಿ, ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅಂದು ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ.

“ಅವ್ರು ಅದನ್ನೇ ಅಭ್ಯಾಸ ಮಾಡೋರು ಕಣೋ,” ಎಂದ. “ನಾನು ಅಂಗೈ ತಿರುಗಿಸಿ ಕಲ್ತಿದ್ದೆ.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, ಭಾನುವಾರ ವಿದ್ಯಾರ್ಥಿ ಭವನಕ್ಕೆ ಬರ್ತೀಯಾ ಅಂತ ಕೇಳಿದ.