ಹುಬ್ಬಿಗೂ ಸ್ಕೋಪಿಗೂ ನಡುವೆ

ಬೇಟೆಯ ರೈಫಲ್‌ಗೆ ಸ್ಕೋಪ್ ಕೂರಿಸುವಾಗ ಬಹಳ ಜನರಿಗೆ ಗುರಿಯದೇ ಯೋಚನೆ, ಹುಬ್ಬಿನದಲ್ಲ. ಗುಂಡು ಮುಂದಕ್ಕೆ ಹಾರಿದೊಡನೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಕಣ್ಣು ತೀರಾ ಹತ್ತಿರವಿದ್ದರೆ ಸ್ಕೋಪಿನ ಲೋಹದ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯ ಮಾಡುತ್ತದೆ. ಅಮೆರಿಕದ ಬೇಟೆಗಾರರಲ್ಲಿ ಈ ಗಾಯಕ್ಕೆ ‘ಸ್ಕೋಪ್ ಐ’ ಎಂಬ ಹೆಸರೇ ಇದೆ.

ನೋಟ ಪೂರ್ತಿಯಾಗಿ ಕಾಣುವಂತೆ ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರವೇ ‘ಐ ರಿಲೀಫ್’. ರೈಫಲ್ ಸ್ಕೋಪಿನಲ್ಲಿ ಅದು ಸಾಮಾನ್ಯವಾಗಿ 3ರಿಂದ 4 ಇಂಚು. ಹತ್ತಿರ ಬಂದರೂ ದೂರ ಸರಿದರೂ ನೋಟದ ಸುತ್ತ ಕಪ್ಪು ನೆರಳು ಕವಿಯುತ್ತದೆ.

ಕೂರಿಸುವ ಕ್ರಮ ಸರಳ. ಮೊದಲು ಬಂದೂಕಿನಲ್ಲಿ ಗುಂಡಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ರಿಂಗುಗಳ ಸ್ಕ್ರೂ ಸಡಿಲಿಸಿ ಸ್ಕೋಪನ್ನು ಮುಂದಕ್ಕೆ ತಳ್ಳಬೇಕು. ಬಂದೂಕು ಬಳಸುವವರು ಕಣ್ಣು ಮುಚ್ಚಿ ಅದನ್ನು ಭುಜಕ್ಕೊತ್ತಿ, ಕೆನ್ನೆಯನ್ನು ಹಿಡಿಗೆ ಆನಿಸಿ, ಆಮೇಲೆ ಕಣ್ಣು ತೆರೆಯಬೇಕು. ನೆರಳು ಹೋಗುವವರೆಗೆ ಇನ್ನೊಬ್ಬರು ಸ್ಕೋಪನ್ನು ನಿಧಾನವಾಗಿ ಹಿಂದಕ್ಕೆ ಸರಿಸಬೇಕು.

ಕಣ್ಣು ಮುಚ್ಚುವುದೇಕೆ? ತೆರೆದಿದ್ದರೆ ನೋಟ ಸಿಗಲೆಂದು ಕತ್ತು ತಾನಾಗಿ ಚಾಚಿಕೊಳ್ಳುತ್ತದೆ. ಮುಚ್ಚಿದರೆ ಮೈ ತನ್ನ ಸಹಜ ಭಂಗಿಯಲ್ಲಿ ನಿಲ್ಲುತ್ತದೆ.

ತಂದೆ ತನ್ನ ಅಳತೆಗೆ ಬಿಗಿಸಿದ ಸ್ಕೋಪನ್ನು ಮಗಳ ಕೈಗೆ ಕೊಟ್ಟಾಗ ಎಡವಟ್ಟಾಗುವುದು ಇಲ್ಲೇ. ಅವಳಿಗೆ ನೆರಳು ಕಾಣುತ್ತದೆ, ಕತ್ತು ಚಾಚುತ್ತಾಳೆ, ಪೆಟ್ಟು ತಿನ್ನುತ್ತಾಳೆ. ಮುಂದೆ ಪ್ರತಿ ಗುಂಡಿಗೂ ಮೊದಲೇ ಬೆದರಿ ಕಣ್ಣು ಮುಚ್ಚುತ್ತಾಳೆ. ‘ಇವಳಿಗೆ ಗುರಿ ಬಾರದು’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ತಪ್ಪಿದ್ದದ್ದು ಎರಡು ಸ್ಕ್ರೂಗಳ ನಡುವೆ.

ಶಾಲೆಯ ಸೂಕ್ಷ್ಮದರ್ಶಕಕ್ಕೂ ಓದುವ ಮೇಜಿಗೂ ಇದೇ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿಗೆ ಸರಿ. ಮಕ್ಕಳಿಗೆ ಮಾತ್ರ ಕಾಲಿದ್ದಷ್ಟು ಹಾಸಿಗೆ ಹಾಸಬೇಕು.