ಬೆಳಗಿನ ಗುಳಿಗೆ

ಕೊರಳನ್ನು ಹೊಗಳುವಾಗ ನಮ್ಮ ಪೂರ್ವಕವಿಗಳು ಶಂಖವನ್ನು ನೆನೆದರು. ಅದರ ನಯವನ್ನೂ ಗೆರೆಗಳನ್ನೂ ಬಗೆಬಗೆಯಾಗಿ ಬಣ್ಣಿಸಿದರು. ಆ ಶಂಖದ ಒಳಗೆ, ಧ್ವನಿಪೆಟ್ಟಿಗೆಯ ತುಸು ಕೆಳಗೆ, ರೆಕ್ಕೆ ಬಿಚ್ಚಿದ ಪಾತರಗಿತ್ತಿಯಂತೆ ಶ್ವಾಸನಾಳವನ್ನು ಅಪ್ಪಿಕೊಂಡ ಒಂದು ನಿರ್ನಾಳ ಗ್ರಂಥಿಯುಂಟೆಂಬುದು ಅವರಿಗೆ ಬೇಕಾಗಿರಲಿಲ್ಲ. ನನಗೂ ಬೇಕಾಗಿರಲಿಲ್ಲ. ತನ್ನಷ್ಟಕ್ಕೆ ಕೆಲಸ ಮಾಡಿಕೊಂಡಿರುವ ತನಕ ಥೈರಾಯ್ಡ್ ಗ್ರಂಥಿಯ ಗೊಡವೆ ಯಾರಿಗೆ ತಾನೆ? ನನ್ನದು ಊದಿಕೊಂಡು, ಗಂಟುಗಂಟಾಗಿ, ಅನ್ನದ ತುತ್ತಿಗೂ ಉಸಿರಿಗೂ ದಾರಿಯನ್ನು ಕಿರಿದು ಮಾಡತೊಡಗಿದ ಮೇಲೆ, 2019ರ ನವೆಂಬರ್ ತಿಂಗಳ ಮೊದಲಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಪೂರ್ತಿಯಾಗಿ ತೆಗೆದರು. ಕೆಟ್ಟ ಗಂಟಲ್ಲವೆಂದು ಪರೀಕ್ಷೆಯಿಂದ ಖಚಿತವಾಯಿತು. ಮನೆಯವರೆಲ್ಲರೂ ಅಲ್ಲಿಗೆ ವಿಷಯ ಮುಗಿಯಿತೆಂದೇ ಭಾವಿಸಿದರು.

ಎಚ್ಚರವಾದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ನನ್ನ ಹೆಸರನ್ನು ನಾನೇ ಹೇಳಿ ನೋಡಿದ್ದು. ಧ್ವನಿಯನ್ನು ನಡೆಸುವ ನರ ಆ ಗ್ರಂಥಿಯ ಹಿಂಬದಿಯಲ್ಲೇ ಹಾದುಹೋಗುತ್ತದೆಂದು ವೈದ್ಯರು ಮುಂಚಿತವಾಗಿ ತಿಳಿಸಿದ್ದರು. ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ಬದುಕುವವಳಿಗೆ ಧ್ವನಿಯಿಲ್ಲದಿದ್ದರೆ ಉಳಿಯುವುದೇನು? ಧ್ವನಿ ಇತ್ತು, ಮೂರು ವಾರ ಗೊಗ್ಗರಾಗಿದ್ದು ಮತ್ತೆ ತಿಳಿಯಾಯಿತು. ರಕ್ತದಲ್ಲಿ ಸುಣ್ಣದಂಶ ಕಡಮೆಯಾಗಿ ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಕ್ಯಾಲ್ಸಿಯಂ ಗುಳಿಗೆಯಿಂದ ಕ್ರಮೇಣ ಅದೂ ಹೋಯಿತು. ಮರಳಿ ಬಾರದ್ದು ಒಂದೇ: ಗ್ರಂಥಿ ಮಾಡುತ್ತಿದ್ದ ಕೆಲಸ. ಅದನ್ನು ಇನ್ನು ಮುಂದೆ ಒಂದು ಬಿಳಿಯ ಗುಳಿಗೆ ಮಾಡತಕ್ಕದ್ದೆಂದು ಗೊತ್ತಾಯಿತು.

ಆ ಗುಳಿಗೆಯಿಲ್ಲದಿದ್ದ ಕಾಲವೂ ಇತ್ತು. ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ಥಿಯೋಡರ್ ಕೋಖರ್ ಎಂಬ ಶಸ್ತ್ರವೈದ್ಯನು ಗಳಗಂಡವನ್ನು ಕತ್ತರಿಸಿ ತೆಗೆಯುವುದರಲ್ಲಿ ಅಸಾಧಾರಣ ಕೈಚಳಕವುಳ್ಳವನಾಗಿದ್ದನು. ಅವನು 1874ರಲ್ಲಿ ಶಸ್ತ್ರಕ್ರಿಯೆ ಮಾಡಿದ್ದ ಒಬ್ಬ ಬಾಲಕಿ, ಗಾಯವೆಲ್ಲ ಮಾಯ್ದ ಮೇಲೆ, ಮಂಕಾಗಿ ನಿಧಾನವಾಗಿ ಬದಲಾಗಿ ಹೋದಳೆಂಬ ಸುದ್ದಿ ಮತ್ತೊಬ್ಬ ವೈದ್ಯನಿಂದ ಅವನಿಗೆ ಮುಟ್ಟಿತು. ತನ್ನ ಹಳೆಯ ರೋಗಿಗಳನ್ನು ಅವನು ಕರೆಸಿ ನೋಡಿದನು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಬಹುಮಂದಿ ಮುಖ ಊದಿ, ಚರ್ಮ ಒಣಗಿ, ಮಾತು ತಡವಾಗಿ ಬದುಕುತ್ತಿದ್ದರು. 1883ರಲ್ಲಿ ಅದನ್ನು ಬಹಿರಂಗವಾಗಿ ವರದಿ ಮಾಡಿದನು. 1909ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಬಹುಮಾನಕ್ಕಿಂತ ಆ ವರದಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಬಾಲಕಿಯನ್ನು ಶಾಲೆಯಲ್ಲಿ ಯಾರು ಏನೆಂದು ಕರೆದಿರಬಹುದೆಂದು ಯೋಚಿಸಿದರೆ ಅಧ್ಯಾಪಕಿಯಾದ ನನಗೆ ಈಗಲೂ ಸಂಕಟವಾಗುತ್ತದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಕುರಿಯ ಥೈರಾಯ್ಡಿನ ರಸವನ್ನು ಇಂತಹುದೇ ರೋಗವಿದ್ದ ಒಬ್ಬ ಹೆಂಗಸಿಗೆ ಚುಚ್ಚಿ ಕೊಟ್ಟನು. ಆಕೆ ಮುಂದೆ 28 ವರ್ಷ ಬದುಕಿದಳು. 1914ರ ಕ್ರಿಸ್ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಹರಳಾಗಿ ಬೇರ್ಪಡಿಸಿದನು. 1927ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸುವ ಬಗೆ ಗೊತ್ತಾಯಿತು. ನನ್ನ ಮೇಜಿನ ಮೇಲಿರುವುದು ಅದರ ಮೊಮ್ಮಗು.

ಗುಳಿಗೆ ದೊರೆತರೆ ಸಾಲದು, ಎಷ್ಟೆಂಬುದು ತಿಳಿಯಬೇಕು. ಈ ವಿಷಯವನ್ನು ನಾನು ತರಗತಿಯಲ್ಲಿ ಹೇಳುವ ರೀತಿಯಲ್ಲೇ ಹೇಳುತ್ತೇನೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯೂಟರಿ ಎಂಬ ಗ್ರಂಥಿಯಿದೆ. ಅದನ್ನು ನಮ್ಮ ಹೆಡ್ ಮಾಸ್ಟ್ರೆಂದು ತಿಳಿಯಿರಿ. ತರಗತಿಯಲ್ಲಿ ಕೆಲಸ ನಡೆಯದಿದ್ದರೆ ವರಾಂಡದಿಂದ ಅವರ ಕೂಗು ಏರುತ್ತದೆ; ಕೆಲಸ ಬೇಕಾದ್ದಕ್ಕಿಂತ ಹೆಚ್ಚು ನಡೆದರೆ ಅವರು ಸುಮ್ಮನಾಗುತ್ತಾರೆ. ಆ ಕೂಗಿನ ಹೆಸರೇ ಟಿ.ಎಸ್.ಎಚ್. ರಕ್ತದಲ್ಲಿ ಥೈರಾಕ್ಸಿನ್ ಕಡಮೆಯಾದರೆ ಟಿ.ಎಸ್.ಎಚ್. ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಅಂಕ ಏರಿದಷ್ಟೂ ಒಳ್ಳೆಯದೆಂದು ಕಲಿತ ನಮಗೆ ಈ ತಲೆಕೆಳಗಾದ ಲೆಕ್ಕ ಒಡನೆ ಹಿಡಿಸುವುದಿಲ್ಲ. ನನ್ನಂಥವರಲ್ಲಾದರೋ ಹೆಡ್ ಮಾಸ್ಟ್ರು ಕೂಗುತ್ತಿರುವುದು ಖಾಲಿ ಕೋಣೆಗೆ. ಉತ್ತರ ಕೊಡುವುದು ಗುಳಿಗೆ. ಆದರೂ ಕೂಗಿನ ಮಟ್ಟದಿಂದಲೇ ಗುಳಿಗೆ ಸಾಲುತ್ತದೋ ಇಲ್ಲವೋ ಎಂದು ನಿರ್ಣಯಿಸುತ್ತಾರೆ. ಸಾಮಾನ್ಯವಾಗಿ 0.4ರಿಂದ 4ರ ಒಳಗಿದ್ದರೆ ಸರಿ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಈ ಗಡಿ ಸ್ವಲ್ಪ ಸರಿಯುತ್ತದೆ. ಕ್ಯಾನ್ಸರಿಗಾಗಿ ಗ್ರಂಥಿ ತೆಗೆಸಿದ ಕೆಲವರಲ್ಲಿ ವೈದ್ಯರು ಬೇಕೆಂದೇ ಅದನ್ನು ಕೆಳಮಟ್ಟದಲ್ಲಿಡುತ್ತಾರೆ. ಅವರ ಲೆಕ್ಕವೇ ಬೇರೆ.

ಗ್ರಂಥಿ ಪೂರ್ತಿಯಾಗಿ ಇಲ್ಲದವರಿಗೆ ದೇಹದ ತೂಕದ ಕಿಲೋ ಒಂದಕ್ಕೆ 1.6 ಮೈಕ್ರೋಗ್ರಾಂ ಎಂಬುದು ಹೊರಡುವ ಲೆಕ್ಕ. ನಾನು 62 ಕಿಲೋ. 100 ಮೈಕ್ರೋಗ್ರಾಮಿನಿಂದ ಪ್ರಾರಂಭವಾಯಿತು. ಆರು ವಾರಗಳ ಮೇಲೆ ಟಿ.ಎಸ್.ಎಚ್. 12. ಆ ಆರು ವಾರಗಳಲ್ಲಿ ನನಗೆ ಕಂಡದ್ದು ಚಳಿ, ಮಲಬದ್ಧತೆ, ಮತ್ತು ಹಾಜರಿ ಪುಸ್ತಕದ ಹೆಸರುಗಳನ್ನು ಕೂಗುವಾಗಲೂ ನಡುವೆ ನಿಲ್ಲುವಂಥ ಒಂದು ಜಡತೆ. ಪ್ರಮಾಣವನ್ನು 125ಕ್ಕೆ ಏರಿಸಿದರು. ಮೊದಲ ಎರಡು ವಾರ ಸ್ವರ್ಗ! ಗುಡ್ಡ ಹತ್ತುವ ಹುರುಪು. ಆಮೇಲೆ ರಾತ್ರಿ ನಿದ್ರೆಯಿಲ್ಲ, ಎದೆ ಡವಡವ. ಒಂದು ದಿನ ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಆರನೆಯ ತರಗತಿಯ ಹುಡುಗನೊಬ್ಬ, “ಟೀಚರ್, ನಿಮ್ಮ ಅಕ್ಷರ ನಡುಗ್ತದೆ,” ಎಂದ. ವೈದ್ಯರಿಗಿಂತ ಮೊದಲು ರೋಗನಿರ್ಣಯ ಮಾಡಿದವನು ಅವನೇ. ಫೆಬ್ರವರಿಯ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 0.08, ಹೆಡ್ ಮಾಸ್ಟ್ರು ಹೆಚ್ಚುಕಡಮೆ ಮೌನ. ಈ ಮೌನ ಬಹುಕಾಲ ನಡೆದರೆ ಹೃದಯದ ತಾಳ ತಪ್ಪಬಹುದು, ಎಲುಬು ಸವೆಯಬಹುದು. ಆದ್ದರಿಂದ 112ಕ್ಕೆ ಇಳಿಸಿದರು.

ಪ್ರತಿಯೊಂದು ಬದಲಾವಣೆಗೂ ಆರು ವಾರ ಏಕೆ? ನನಗೆ ಬಹಳ ಹಿಡಿಸಿದ ಸಂಗತಿಯಿದು. ಇಂದು ನುಂಗಿದ ಥೈರಾಕ್ಸಿನಿನ ಅರ್ಧ ಭಾಗ ಏಳು ದಿನಗಳ ಮೇಲೆಯೂ ರಕ್ತದಲ್ಲಿರುತ್ತದೆ. ಹಳೆಯ ಪ್ರಮಾಣದ ಶೇಷ ಕರಗಿ ಹೊಸದು ನೆಲೆಗೊಳ್ಳಲು ಐದಾರು ವಾರ ಬೇಕು. ಅಷ್ಟರೊಳಗೆ ಪರೀಕ್ಷೆ ಮಾಡಿಸಿದರೆ ಹಳೆಯದಕ್ಕೂ ಹೊಸದಕ್ಕೂ ಸೇರದ ಒಂದು ಅಂಕಿ ಸಿಕ್ಕೀತು. ನಿನ್ನೆ ಗುಳಿಗೆ ಏರಿಸಿದ್ದರಿಂದ ಇಂದು ತಲೆನೋವು ಬಂತೆನ್ನುವವರನ್ನು ನಾನು ಕಂಡಿದ್ದೇನೆ. ತಲೆನೋವು ನಿಜವಿದ್ದೀತು, ಕಾರಣ ಬೇರೆ ಇರಬೇಕು. ಇನ್ನೊಂದು: ಔಷಧದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೆ ಕೂಗಿನಲ್ಲಿ ಗುಡ್ಡದಷ್ಟು ವ್ಯತ್ಯಾಸವಾಗುತ್ತದೆ. 125ಕ್ಕೂ 112ಕ್ಕೂ ಇರುವ ಅಂತರ ಬರಿಗಣ್ಣಿಗೆ ಕಾಣುವಂಥದಲ್ಲ, ಆದರೆ ನನ್ನ ಕೈಬರಹ ಅದನ್ನು ಬಲ್ಲದು.

ಗುಳಿಗೆಗೂ ನಮ್ಮ ಮನೆಯ ಕಾಫಿಗೂ ನಡೆದ ವ್ಯಾಜ್ಯ ಬೇರೆಯೇ ಒಂದು ಪ್ರಬಂಧಕ್ಕೆ ಸಾಕು. ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ನೀರಿನೊಡನೆ ಮಾತ್ರ. ಬಳಿಕ ಅರ್ಧ ತಾಸಿನಿಂದ ಒಂದು ತಾಸು ಏನೂ ಕೂಡದು. ಕಾಫಿ ಅದರ ಹೀರಿಕೆಯನ್ನು ಕೆಡಿಸುತ್ತದೆ. ಬೆಳಗಾಗುವುದೇ ಕಾಫಿಯಿಂದ ಎಂಬ ಮನೆಯಲ್ಲಿ ಇದನ್ನು ಜಾರಿಗೆ ತರುವುದು ಸುಲಭವಲ್ಲ. “ಒಂದು ಗುಟುಕು ಕುಡಿದ್ರೆ ಎಂತ ಆಗ್ತದೆ ಮಗಳೇ?” ಎಂದು ಅತ್ತೆ ಪ್ರೀತಿಯಿಂದಲೇ ಕೇಳುತ್ತಿದ್ದರು. ಕೊನೆಗೆ ನಾನು ಐದು ಗಂಟೆಗೆ ಗುಳಿಗೆ ನುಂಗಿ, ತೋಟಕ್ಕೆ ನೀರು ಬಿಟ್ಟು, ಆರು ಗಂಟೆಗೆ ಅವರೊಡನೆ ಕಾಫಿಗೆ ಕುಳಿತುಕೊಳ್ಳುವುದೆಂದು ಒಪ್ಪಂದವಾಯಿತು. ಕ್ಯಾಲ್ಸಿಯಂ ಗುಳಿಗೆಯನ್ನಾಗಲಿ ಕಬ್ಬಿಣದ ಗುಳಿಗೆಯನ್ನಾಗಲಿ ಇದರೊಡನೆ ನುಂಗಬಾರದು. ನಾಲ್ಕು ತಾಸಿನ ಅಂತರ ಬೇಕು. ನಾನು ಅದನ್ನು ಮಧ್ಯಾಹ್ನದ ಊಟದ ಗಂಟೆಗೆ ಕಟ್ಟಿಹಾಕಿದ್ದೇನೆ. ಬೆಳಗ್ಗೆ ಸಾಧ್ಯವೇ ಇಲ್ಲದವರು ವೈದ್ಯರ ಒಪ್ಪಿಗೆಯಿಂದ, ರಾತ್ರಿಯ ಊಟವಾಗಿ ಮೂರು ತಾಸು ಕಳೆದು ಮಲಗುವಾಗ ತೆಗೆದುಕೊಳ್ಳುವುದುಂಟು. ಕೂದಲಿಗೆಂದು ಬಯೋಟಿನ್ ಸೇವಿಸುವವರು ರಕ್ತಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅಂಕಿಯೇ ಸುಳ್ಳು ಹೇಳೀತು.

112ರ ಗುಳಿಗೆಯನ್ನು ಪ್ರಾರಂಭಿಸಿ ಐದು ವಾರವಾಗಿತ್ತು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ತಲಪಾಡಿಯ ಗಡಿಯೂ ಮುಚ್ಚಿತು. ಕಾಸರಗೋಡಿನ ನಮಗೆ ಮಂಗಳೂರು ಬೇರೆ ರಾಜ್ಯವೆಂಬುದು ಭೂಪಟದ ಪಾಠದಲ್ಲಿ ಮಾತ್ರ ನೆನಪಾಗುವ ಸಂಗತಿ. 50 ಕಿಲೋಮೀಟರ್ ದೂರದ ಆಸ್ಪತ್ರೆಗಳೇ ನಮ್ಮ ಆಸ್ಪತ್ರೆಗಳು. ದಾರಿ ಸಿಗದೆ ಪ್ರಾಣ ಬಿಟ್ಟವರ ಸುದ್ದಿಯನ್ನು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಓದಿದೆವು. ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿ, ಏಪ್ರಿಲ್ 7ರಂದು ರೋಗಿಗಳನ್ನು ದಾಟಿಸುವ ಕ್ರಮ ಗೊತ್ತಾಯಿತು. ಅಂಥವರ ಮುಂದೆ ನನ್ನದು ಕಷ್ಟವೆನ್ನಲು ನಾಚಿಕೆ. ಆದರೂ ಡಬ್ಬಿಯಲ್ಲಿ ಉಳಿದಿದ್ದವು ಮೂರೇ ಗುಳಿಗೆ. ಊರ ಔಷಧದಂಗಡಿಯಲ್ಲಿ 112 ಇರಲಿಲ್ಲ. 100 ಇತ್ತು, 125 ಇತ್ತು, ಅದೂ ಬೇರೆ ಕಂಪೆನಿಯದು.

ವೈದ್ಯರಿಗೆ ಫೋನ್ ಮಾಡಿದೆ. ಅವರು ಒಂದು ನಿಮಿಷ ಯೋಚಿಸಿ, “ಟೀಚರೇ, ವಾರದಲ್ಲಿ ನಾಲ್ಕು ದಿನ 100, ಮೂರು ದಿನ 125 ತಕ್ಕೊಳ್ಳಿ. ಸರಾಸರಿ ನೀವೇ ಲೆಕ್ಕ ಹಾಕಿ,” ಎಂದರು. ಹಾಕಿದೆ. 400ಕ್ಕೆ 375 ಕೂಡಿದರೆ 775. ಏಳರಿಂದ ಭಾಗಿಸಿದರೆ 110ಕ್ಕೆ ಸ್ವಲ್ಪ ಮೇಲೆ. ಏಳು ದಿನ ಅರ್ಧ ಉಳಿಯುವ ಔಷಧವಾದ್ದರಿಂದಲೇ ಈ ಹಂಚಿಕೆ ನಡೆಯುತ್ತದೆ; ದೇಹ ದಿನದ ಲೆಕ್ಕವನ್ನು ಕೇಳದೆ ವಾರದ ಲೆಕ್ಕವನ್ನು ಒಪ್ಪಿಕೊಳ್ಳುತ್ತದೆ. ಒಂದು ದಿನ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು, ಗಾಬರಿ ಬೇಡವೆಂಬುದಕ್ಕೂ ಇದೇ ಕಾರಣ. ಕಂಪೆನಿ ಬದಲಾದುದರಿಂದ ಮತ್ತೆ ಆರು ವಾರ ಎಣಿಸಿ, ಮೇ ತಿಂಗಳಲ್ಲಿ ಇಲ್ಲಿಯೇ ರಕ್ತ ಕೊಟ್ಟೆ. ಟಿ.ಎಸ್.ಎಚ್. 2.3. ಗೋಡೆಯ ಪಂಚಾಂಗದಲ್ಲಿ ನಾಲ್ಕಕ್ಕೂ ಮೂರಕ್ಕೂ ಎರಡು ಬಣ್ಣದ ಗುರುತು ಹಾಕಿದ್ದೆ. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಪರೀಕ್ಷೆ ಸಾಕೆಂದು ಈಗ ನಿರ್ಣಯವಾಗಿದೆ. ಶಾಲೆ ತೆರೆಯುವ ಮುಂಚೆ ಮೇ ತಿಂಗಳಲ್ಲೇ ಮಾಡಿಸುತ್ತೇನೆ.

ಅಯೊಡೀನಿನ ಪಾಠ ಬಂದಾಗಲೆಲ್ಲ ಮಕ್ಕಳ ಕಣ್ಣು ನನ್ನ ಕೊರಳ ಗೆರೆಯ ಮೇಲೆ ಬೀಳುತ್ತದೆ. “ಟೀಚರ್, ಉಪ್ಪು ತಿಂದರೆ ನಿಮ್ಮದು ಸರಿಯಾಗುದಿಲ್ವಾ?” ಎಂದು ಒಬ್ಬಳು ಕೇಳಿದಳು. ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾಕ್ಟರ್ ರಾಮಲಿಂಗಸ್ವಾಮಿಯವರು ಅಯೊಡೀನ್ ಬೆರೆತ ಉಪ್ಪನ್ನು ಕೊಟ್ಟು ಗಳಗಂಡವನ್ನು ತಗ್ಗಿಸಿ ತೋರಿಸಿದ ಕಥೆಯನ್ನು ಆಗ ಹೇಳುತ್ತೇನೆ. ಎಲ್ಲ ಗಳಗಂಡವೂ ಅಯೊಡೀನಿನ ಕೊರತೆಯಿಂದ ಬರುವುದಿಲ್ಲವೆಂದೂ, ಮಗ್ಗವನ್ನೇ ತೆಗೆದ ಮನೆಗೆ ಎಷ್ಟು ನೂಲು ಹೊತ್ತು ತಂದರೂ ಬಟ್ಟೆಯಾಗದೆಂದೂ ಹೇಳುತ್ತೇನೆ. ನೆರೆಯ ಶಾಲೆಯ ಅಧ್ಯಾಪಕಿಯೊಬ್ಬರು ಅಂಕಿ ಸರಿಯಾಯಿತೆಂದು ಗುಳಿಗೆಯನ್ನೇ ಬಿಟ್ಟರು. ಎರಡು ತಿಂಗಳಲ್ಲಿ ಮುಖ ಊದಿತು. ಅಂಕಿ ಸರಿಯಾಗಿದ್ದದ್ದು ಗುಳಿಗೆಯಿಂದಲೇ ಎಂದು ಅವರಿಗೆ ವಿವರಿಸಲು ಒಂದು ಇಡೀ ಬಸ್ಸಿನ ಪ್ರಯಾಣ ಬೇಕಾಯಿತು.

ಇದಕ್ಕಿಂತ ನನಗೆ ಹೆಚ್ಚು ಚಿಂತೆಯಾದುದು ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ. ಆಕೆಯ ಗ್ರಂಥಿ ಹದಿನೇಳನೆಯ ವಯಸ್ಸಿನಲ್ಲೇ ಸೊರಗಿತ್ತು. ಮದುವೆಯ ಮಾತುಕತೆಯಲ್ಲಿ ತಾಯಿ ಅದನ್ನು ಹೇಳಲಿಲ್ಲ. ಹುಡುಗಿಗೆ “ಕಾಯಿಲೆ” ಉಂಟೆಂದರೆ ಸಂಬಂಧ ತಪ್ಪೀತೆಂಬ ಭಯ. ಗಂಡನ ಮನೆಯಲ್ಲಿ ಆಕೆ ಗುಳಿಗೆಯನ್ನು ಪೌಡರ್ ಡಬ್ಬಿಯೊಳಗೆ ಅಡಗಿಸಿಟ್ಟು, ಬಚ್ಚಲಿಗೆ ಹೋಗುವ ನೆಪದಲ್ಲಿ ನುಂಗುತ್ತಿದ್ದಳು; ಎದುರಿಗೆ ಜನವಿದ್ದ ದಿನ ಅದೂ ಇಲ್ಲ. ಎರಡು ತಿಂಗಳ ಗರ್ಭಿಣಿಯಾಗಿ ತವರಿಗೆ ಬಂದಾಗ ನನ್ನನ್ನು ನೋಡಲು ಬಂದು, ಸಣ್ಣ ದನಿಯಲ್ಲಿ ಇದನ್ನು ಹೇಳಿದಳು. ಮೊದಲ ತಿಂಗಳುಗಳಲ್ಲಿ ಗರ್ಭಸ್ಥ ಶಿಶುವಿಗೆ ಸ್ವಂತ ಥೈರಾಕ್ಸಿನ್ ಇರುವುದಿಲ್ಲ. ಮಿದುಳು ಬೆಳೆಯುವುದು ತಾಯಿಯದರಿಂದ. ಆದ್ದರಿಂದ ಗರ್ಭ ನಿಂತಿತೆಂದು ತಿಳಿದೊಡನೆ ಗುಳಿಗೆಯನ್ನು ಸುಮಾರು ಕಾಲು ಪಾಲಿನಷ್ಟು ಏರಿಸಿ, ನಾಲ್ಕು ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ಇವಳು ಏರಿಸುವುದಿರಲಿ, ಇದ್ದದ್ದನ್ನೇ ವಾರಕ್ಕೆ ಎರಡು ಸಲ ತಪ್ಪಿಸುತ್ತಿದ್ದಳು.

ಮರುದಿನವೇ ನಾನು ಅವಳೊಡನೆ ವೈದ್ಯರಲ್ಲಿಗೆ ಹೋದೆ. ಟಿ.ಎಸ್.ಎಚ್. 9 ಇತ್ತು, ಪ್ರಮಾಣವನ್ನು ಏರಿಸಿದರು. ಸಂಜೆ ಅವಳ ಗಂಡನನ್ನು ಕರೆಸಿ ಕುಳ್ಳಿರಿಸಿದೆವು. ಅವಳೇ ಹೇಳಿದಳು, ನಾನು ಬಾಯಿ ತೆರೆಯಲಿಲ್ಲ. ಅವನು ತುಸು ಹೊತ್ತು ಸುಮ್ಮನಿದ್ದು, “ನಮ್ಮ ಅಕ್ಕನೂ ಇದನ್ನೇ ತಿನ್ನುದು, ಎಂಟು ವರ್ಷ ಆಯ್ತು. ಹೇಳ್ಲಿಕ್ಕೆ ಎಂತ ಇತ್ತು?” ಎಂದನು. ಹುಡುಗಿ ಅತ್ತಳು. ತಾಯಿ ಕಾಫಿ ತರುವ ನೆಪದಲ್ಲಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗು ಹುಟ್ಟಿದ ಮೇಲೆ ಅದರ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ನೋಡಿದರಂತೆ. ಗ್ರಂಥಿ ಚೆನ್ನಾಗಿ ಕೆಲಸ ಮಾಡುತ್ತಿದೆ. ತಾಯಿಯ ಗುಳಿಗೆ ಹಿಂದಿನ ಪ್ರಮಾಣಕ್ಕೆ ಇಳಿದಿದೆ, ಆರು ವಾರಗಳಾದ ಮೇಲೆ ಮತ್ತೆ ಪರೀಕ್ಷೆ.