ಬಣ್ಣದ ಕೆಳಗೆ

ನಮ್ಮ ಎಲ್ಲೂರಿನ ಮಳೆಯ ಮುಂದೆ ಬಣ್ಣದ ಆಟ ನಡೆಯದು. "ಎಲ್ಲಿಯೂ ತಾಗಿದ ಗಾಡಿಯಲ್ಲಮ್ಮ" ಎಂದು ವ್ಯಾಪಾರಿ ಕೊಟ್ಟ ಹಳೆ ಕಾರಿನೊಳಗೆ ಆಟಿ ತಿಂಗಳಲ್ಲಿ ನೀರು ನಿಂತಿತು. ಗ್ಯಾರೇಜಿನ ಹುಡುಗ ಬಾಗಿಲ ರಬ್ಬರು ಎಳೆದು ತೋರಿಸಿದ: "ನೋಡಿ ಅಕ್ಕ, ಕಂಪನಿ ವೆಲ್ಡಿಂಗಿನ ಚುಕ್ಕೆ ಸಾಲಾಗಿ ಇರ್ತದೆ. ಇದು ಗಂಟು ಗಂಟು. ಗುದ್ದಿದ ಗಾಡಿ." ಅಯಸ್ಕಾಂತ ತಗಡಿಗೆ ಅಂಟಿತು, ಪುಟ್ಟಿ ಮೆತ್ತಿದಲ್ಲಿ ಜಾರಿತು.

ವ್ಯಾಪಾರಿ ನಕ್ಕರು: "ಓಡ್ತದಲ್ಲ?"

ಓಡುತ್ತದೆ, ನಿಜ. ಅದರೊಳಗೆ ಕೂರುವುದು ನನ್ನ ಮಕ್ಕಳು.

ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ವ್ಯಾಪಾರ. 2 ವರ್ಷದೊಳಗೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವ್ಯಾಪಾರಿಯ ಮಾತನ್ನು ಅಂದೇ ರಶೀದಿಯ ಮೇಲೆ ಬರೆಸಿಕೊಂಡಿದ್ದೆ. ಆಗ ಅವರು ಮುಖ ಸಿಂಡರಿಸಿದ್ದರು. ಈಗ ಆ ಒಂದು ಸಾಲೇ ನನ್ನ ಸಾಕ್ಷಿ.